ತಂತಿ ಕಿತ್ತು ನೋಡಿ ಆರಿಸಿದ್ದು

ಫೋನ್ ಕೊಟ್ಟರೆ ಅಜ್ಜಿ "ಚೆನ್ನಾಗಿದ್ದೀರಾ, ಊಟ ಆಯ್ತಾ" ಎಂದಷ್ಟೇ ಕೇಳಿ ಬೇರೆಯವರ ಕೈಗೆ ದಾಟಿಸುತ್ತಾಳೆ ಎಂದು ನೀವು ನಗುತ್ತೀರಿ. ನಗಿ. ನನಗೆ ಮಾತು ಬರುವುದು ನಿಧಾನ. ಎದುರಿಗಿರುವವರು ಕಾಯುತ್ತಿದ್ದಾರೆ ಎಂದು ಗೊತ್ತಾದರೆ ಬಂದ ಮಾತೂ ಮರೆತುಹೋಗುತ್ತದೆ. ಆದರೂ ಗುಂಡ್ಲುಪೇಟೆಯ ನಮ್ಮ ಮಂಡಿಯಿಂದ ಕೇರಳದ ಅಂಗಡಿಗಳಿಗೆ ದಿನವೂ ತರಕಾರಿಯ ರೇಟು ತಿಳಿಸುವವಳು ನಾನೇ, ಅವರ ಆರ್ಡರ್ ತೆಗೆದುಕೊಳ್ಳುವವಳೂ ನಾನೇ. ಫೋನಿನಲ್ಲಲ್ಲ, ಇಮೇಲಿನಲ್ಲಿ.

ಆ ಇಮೇಲು ಯಾವ ಪ್ರೋಗ್ರಾಮಿಗೆ ಬರಬೇಕು, ಯಾರ ಕಂಪ್ಯೂಟರಿಗೆ ಬರಬೇಕು ಎಂದು ನಮ್ಮ ಮನೆಯಲ್ಲಿ ಒಂದು ಜಗಳವಾಯಿತು. ಹಬ್ಬಕ್ಕೆ ಎಲ್ಲರೂ ಸೇರಿದಾಗ ನಿಮ್ಮ ಮಾವ ಅದನ್ನು ತಮಾಷೆ ಮಾಡಿ ಹೇಳುತ್ತಾನೆ, ನೀವೂ ಕೇಳಿದ್ದೀರಿ. ಅವನ ಕಥೆಯಲ್ಲಿ ನಾನೊಬ್ಬ ಹಠಮಾರಿ ಮುದುಕಿ. ಹಠ ಮಾಡಿದ್ದು ನಿಜ. ಯಾಕೆ ಮಾಡಿದೆ ಎನ್ನುವುದನ್ನು ಅವನು ಹೇಳುವುದಿಲ್ಲ. ಅದನ್ನು ನಾನು ಬರೆಯುತ್ತೇನೆ.

ನಾನು ಹುಟ್ಟಿದ್ದು ಉಮ್ಮತ್ತೂರಿನಲ್ಲಿ. ಅಲ್ಲಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದೆ. ಮದುವೆಯಾಗಿ ಬಂದ ಈ ಮನೆಯ ಮುಂಭಾಗವೇ ಮಂಡಿ. ಬೆಳಗಾದರೆ ಬೀಟ್‌ರೂಟು, ಬೀನ್ಸು, ಈರುಳ್ಳಿಯ ಮೂಟೆಗಳು ಬಂದು ಬೀಳುತ್ತವೆ. ಸಂಜೆ ಕೇರಳದ ಲಾರಿ ಹೊರಡುತ್ತದೆ. ರಾತ್ರಿ ಒಂಬತ್ತಕ್ಕೆ ಕೇರಳದ ದಾರಿಯಲ್ಲಿನ ಕಾಡಿನ ಗೇಟು ಮುಚ್ಚುತ್ತದಲ್ಲ, ಅಷ್ಟರೊಳಗೆ ಲಾರಿ ದಾಟಬೇಕು. ಮಂಡಿಯ ಯಜಮಾನಿಕೆ ನಿಮ್ಮ ದೊಡ್ಡಜ್ಜನದು. ಅವರು ನನ್ನ ಗಂಡನ ಅಣ್ಣ, ನನಗೆ ಬಾವ. ಈ ಮನೆಯಲ್ಲಿ ತಮ್ಮನ ಹೆಂಡತಿ ಬಾವನ ಎದುರಿಗೆ ನಿಂತು ಮಾತಾಡುವ ಪದ್ಧತಿಯಿಲ್ಲ. ಒಳಗೆ ಬರುವ ಮುಂಚೆ ಅವರು ಒಮ್ಮೆ ಕೆಮ್ಮುತ್ತಾರೆ, ನಾನು ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಸರಿಯುತ್ತೇನೆ. ನನ್ನಿಂದ ಏನಾದರೂ ಬೇಕಿದ್ದರೆ ಅವರು ನಡುಮನೆಯ ಕಂಬಕ್ಕೆ ಹೇಳುತ್ತಾರೆ. "ಕಾಫಿ ಕಂಡು ಯಾವ ಕಾಲ ಆಯ್ತೋ ಏನೋ" ಎಂದು ಕಂಬದ ಮುಂದೆ ಗೊಣಗಿದರೆ ನಾನು ಒಲೆ ಹಚ್ಚಬೇಕು. ನನಗೆ ಹೇಳುವುದಿದ್ದರೆ ಅವರ ಹೆಂಡತಿಗೆ ಹೇಳುತ್ತೇನೆ. ಅವಳು ನನಗೆ ಅಕ್ಕ, ನಿಮಗೆ ದೊಡ್ಡಜ್ಜಿ.

ಕಂಪ್ಯೂಟರ್ ತಂದವರು ನಿಮ್ಮ ತಾತ. ಅವರಿಗೆ ಮಲಯಾಳ ಬರುತ್ತಿತ್ತು, ಯಾರನ್ನಾದರೂ ಮಾತಿನಲ್ಲಿ ಒಲಿಸಿಕೊಳ್ಳಲು ಬರುತ್ತಿತ್ತು, ಟೈಪ್ ಮಾಡುವ ಸಹನೆ ಮಾತ್ರ ಇರಲಿಲ್ಲ. ದೊಡ್ಡ ಅಂಗಡಿಗಳವರು ರೇಟು ಮೇಲ್‌ನಲ್ಲೇ ಬೇಕು ಅಂದಾಗ "ನಾನ್ ಹೇಳ್ತೀನಿ, ನೀನ್ ಒತ್ತು" ಎಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ಮಂಡಿಗೂ ನನ್ನ ಕೋಣೆಗೂ ನಡುವಿನ ಗೋಡೆಯಲ್ಲಿ ಒಂದು ಕಿಟಕಿಯಿದೆ. ಬಾವ ಆಚೆಯಿಂದ ರೇಟು ಕೂಗುತ್ತಿದ್ದರು, ನಾನು ಒಂದೇ ಬೆರಳಿನಲ್ಲಿ ಒತ್ತುತ್ತಿದ್ದೆ. ಆರ್ಡರ್ ಬಂದರೆ ಪ್ರಿಂಟ್ ತೆಗೆದು ಕಿಟಕಿಯ ಸರಳಿನ ನಡುವೆ ತೂರಿಸುತ್ತಿದ್ದೆ. ತಾತ ತೀರಿಕೊಂಡ ಮೇಲೆ ನನ್ನ ಕೆಲಸವೂ ಮುಗಿಯಿತು ಅಂದುಕೊಂಡಿದ್ದೆ. ಕಾರ್ಯಗಳೆಲ್ಲ ಕಳೆದ ಮರುದಿನ ಬೆಳಿಗ್ಗೆ ಕಿಟಕಿಯಾಚೆ ಬಾವ ಕೆಮ್ಮಿದರು. ಆಮೇಲೆ "ಬೀಟ್‌ರೂಟು..." ಎಂದು ಶುರುಮಾಡಿದರು. ನಾನು ಹೋಗಿ ಕೂತೆ. ಅಂದಿನಿಂದ ಆ ಕುರ್ಚಿ ನನ್ನದಾಯಿತು.

ಆ ಹಳೆಯ ಪ್ರೋಗ್ರಾಂ ನೋಡಲು ಚೆಂದವಿರಲಿಲ್ಲ, ಎಲ್ಲ ಬೂದಿ ಬಣ್ಣ. ಆದರೆ ಬಂದ ಮೇಲ್‌ಗಳನ್ನೆಲ್ಲ ನಮ್ಮ ಕಂಪ್ಯೂಟರಿನ ಒಳಗೇ ಇಳಿಸಿಕೊಂಡು ಇಟ್ಟುಕೊಳ್ಳುತ್ತಿತ್ತು. ನೆಟ್ ಹೋದರೂ ಓದಬಹುದು, ಬರೆಯಬಹುದು. ಬರೆದದ್ದು ಔಟ್‌ಬಾಕ್ಸ್ ಎನ್ನುವ ಜಾಗದಲ್ಲಿ ಕಾಯುತ್ತಾ ಕೂತಿರುತ್ತದೆ, ನಾನು ಹೋಗು ಎಂದ ಮೇಲೆ ಹೋಗುತ್ತದೆ. ಬಾಯಿಂದ ಬಿದ್ದ ಮಾತಿಗೆ ಇಂಥ ಸೌಕರ್ಯ ಎಲ್ಲಿದೆ? ನಾನು ಪ್ರತಿ ಮೇಲನ್ನೂ ಮೂರು ಸಲ ಓದಿ ಆಮೇಲೆ ಬಿಡುತ್ತಿದ್ದೆ. ಆ ಔಟ್‌ಬಾಕ್ಸ್ ಇದ್ದದ್ದಕ್ಕೇ ನಾನು ಮುಖ ಕಾಣದ ಊರಿನ ಗಂಡಸರ ಜೊತೆ ವ್ಯಾಪಾರದ ಮಾತಾಡಿದೆ. ಕೇರಳದ ಬತ್ತೇರಿಯ ಅಂಗಡಿಯವರು ಮೇಲ್‌ನಲ್ಲಿ ನನ್ನನ್ನು ಚೇಚಿ ಎಂದು ಕರೆಯುತ್ತಾರೆ. ಅವರ ಭಾಷೆಯಲ್ಲಿ ಹಾಗೆಂದರೆ ಅಕ್ಕ.

ಒಂದು ದಿನ ಆ ಕಂಪ್ಯೂಟರು ಹೊಗೆ ಬಿಟ್ಟು ನಿಂತಿತು. ಒಳಗಿನದು ಉಳಿಯಿತು, ಪುಣ್ಯ. ಆದರೆ ಹೊಸ ಕಂಪ್ಯೂಟರಿನಲ್ಲಿ ಹಳೆಯ ಪ್ರೋಗ್ರಾಂ ನಡೆಯುವುದಿಲ್ಲ ಎಂದು ಗೊತ್ತಾಯಿತು. ನಾನು ಬಸ್ಸು ಹತ್ತಿ ಚಾಮರಾಜನಗರಕ್ಕೆ ನಿಮ್ಮ ಮನೆಗೆ ಬಂದೆ. ನಿಮ್ಮಮ್ಮ ತನ್ನ ಲ್ಯಾಪ್‌ಟಾಪಿನಲ್ಲಿ ಒಂದರ ಹಿಂದೆ ಒಂದು ಪ್ರೋಗ್ರಾಂ ತೆಗೆದು ತೋರಿಸಿದಳು.

"ಇದ್ ನೋಡವ್ವ, ಎಷ್ಟ್ ಚೆನ್ನಾಗದೆ. ಬಣ್ಣಬಣ್ಣ."

"ನೆಟ್ ತಂತಿ ಕೀಳು," ಅಂದೆ.

"ಏನು?"

"ತಂತಿ ಕಿತ್ತು, ಆಮೇಲ್ ತೆಗಿ. ಹಳೇ ಮೇಲ್ ತೋರಿಸ್ತದಾ ನೋಡನ."

ಬೀನ್ಸನ್ನು ಮುರಿದು ನೋಡದೆ ನಾವು ಮೂಟೆ ಇಳಿಸಿಕೊಳ್ಳುವುದಿಲ್ಲ. ನಿಮ್ಮಮ್ಮ ನಗುತ್ತಾ ತಂತಿ ಕಿತ್ತಳು. ಬಣ್ಣಬಣ್ಣದ್ದು ಒಂದು ಚಕ್ರ ತಿರುಗಿಸುತ್ತಾ ನಿಂತುಬಿಟ್ಟಿತು. ಇನ್ನೊಂದು, ಮೊದಲು ದುಡ್ಡು ಕಟ್ಟಿ ಎಂದಿತು. ಮೂರನೆಯದು ಸಪ್ಪೆ ಮುಖದ್ದು. ಎಡಕ್ಕೆ ಫೋಲ್ಡರುಗಳು, ಮೇಲೆ ಮೇಲ್‌ಗಳ ಸಾಲು, ಕೆಳಗೆ ಓದುವ ಜಾಗ, ಅಷ್ಟೇ. ತಂತಿಯಿಲ್ಲದೆಯೂ ತೆರೆದುಕೊಂಡಿತು, ಹಳೆಯದನ್ನು ತೋರಿಸಿತು, ಬರೆದದ್ದನ್ನು ಔಟ್‌ಬಾಕ್ಸಿನಲ್ಲಿ ಕೂರಿಸಿತು.

"ಇದೇ," ಅಂದೆ.

"ಅಳಿಯನ್ನ ಆರಿಸ್ವಾಗ್ಲೂ ಇಷ್ಟ್ ನೋಡ್ಲಿಲ್ಲ ಕಣವ್ವ ನೀನು," ಅಂದಳು ನಿಮ್ಮಮ್ಮ. ನಿಮ್ಮಪ್ಪ ಪಕ್ಕದಲ್ಲೇ ಕೂತಿದ್ದರು, ಕೆಮ್ಮಿದರು.

ಬತ್ತೇರಿ, ಕಲ್ಲಿಕೋಟೆ ಎಂದು ಊರಿನ ಹೆಸರಿನಲ್ಲಿ ನಾನು ಜೋಡಿಸಿಟ್ಟಿದ್ದ ಹಳೆಯ ಮೇಲ್‌ಗಳನ್ನು ಮನೆಯ ಹೊಸ ಕಂಪ್ಯೂಟರಿಗೆ ಸಾಗಿಸಲು ನಿಮ್ಮಮ್ಮನಿಗೆ ಒಂದು ಮಧ್ಯಾಹ್ನವೇ ಹಿಡಿಯಿತು. ಫೋಲ್ಡರುಗಳು ಒಂದೊಂದಾಗಿ ಬಂದು ಎಡಗಡೆ ಕೂರುವುದನ್ನು ನಾನು ಊಟ ಬಿಟ್ಟು ನೋಡಿದೆ. ಎಲ್ಲವೂ ಬಂದವು.

ಕೆಲವು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಮೇಲ್‌ಗಳು ಕಡಿಮೆಯಾಗತೊಡಗಿದವು. ಒಂದು ದಿನ ಬರುತ್ತವೆ, ಒಂದು ದಿನ ಇನ್‌ಬಾಕ್ಸ್ ಖಾಲಿ. ನಾನು ತಪ್ಪು ರೇಟು ಕಳಿಸಿದೆನೇ, ನನ್ನ ಇಂಗ್ಲಿಷ್ ನೋಡಿ ಬೇಸರವಾಯಿತೇ, ಒಬ್ಬೊಬ್ಬರಾಗಿ ಬಿಟ್ಟು ಹೋಗುತ್ತಿದ್ದಾರೆಯೇ ಎಂದು ಒಳಗೊಳಗೇ ಕುದಿದೆ. ಯಾರನ್ನೂ ಕೇಳಲಿಲ್ಲ.

ಓಣಂ ಹತ್ತಿರ ಬಂದಿತ್ತು. ಬತ್ತೇರಿಗೆ ದಪ್ಪ ಈರುಳ್ಳಿಯ ಲೋಡು ಸಂಜೆ ಹೊರಟಿತು. ಮರುದಿನ ಬೆಳಿಗ್ಗೆ ಬಾವನ ಫೋನು ಅರಚಿಕೊಂಡಿತು. ಬತ್ತೇರಿಯವರು ದಪ್ಪ ಈರುಳ್ಳಿ ಬೇಡ, ಸಾಂಬಾರ್ ಈರುಳ್ಳಿ ಕಳಿಸಿ ಎಂದು ಹಿಂದಿನ ದಿನ ಬೆಳಿಗ್ಗೆಯೇ ಮೇಲ್ ಹಾಕಿದ್ದರಂತೆ. ಫೋನಿಟ್ಟ ಬಾವ ಒಳಗೆ ಬಂದರು. ಅಂದು ಕೆಮ್ಮಲೂ ಇಲ್ಲ.

"ಮೇಲ್ ನೋಡೋರು ನೋಡ್ಬೇಕಾಗಿತ್ತು," ಎಂದರು ಕಂಬಕ್ಕೆ. "ಆಗ್ದೇ ಇದ್ರೆ ಆಗಲ್ಲ ಅಂತ ಯೋಳ್ಬುಡ್ಬೇಕು."

ನಾನು ಬಾಗಿಲ ಹಿಂದೆಯೇ ಇದ್ದೆ. ಅಕ್ಕ ನನ್ನ ಕಡೆ ತಿರುಗಿದಳು. "ಕೇಳುಸ್ತಾ ಕಣಮ್ಮಿ?"

"ಮೇಲ್ ಬಂದೇ ಇಲ್ಲ ಅಂತ ಹೇಳಕ್ಕ."

"ಬಂದೇ ಇಲ್ವಂತೆ."

"ಕಳ್ಸಿವ್ನಿ ಅಂತಾವ್ನೆ ಅವ್ನು."

"ಕಳ್ಸವ್ನಂತೆ."

"ಬಂದಿಲ್ಲ ಅಕ್ಕ."

"ಬಂದಿಲ್ವಂತೆ. ನಾನೇನ್ ಬಸ್ಸಾ, ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಓಡಾಡಕ್ಕೆ?" ಎಂದು ಅಕ್ಕ ಸಿಡುಕಿದಳು.

ಆ ಹೊತ್ತಿಗೆ ನಿಮ್ಮ ಮಾವ, ಎಂದರೆ ಬಾವನ ಮಗ, ಉಮ್ಮತ್ತೂರಿನ ಒಂದು ಮದುವೆ ಮುಗಿಸಿ ಬಂದ. ಗಲಾಟೆ ಕೇಳಿ ಬ್ಯಾಗಿನಿಂದ ತನ್ನ ಲ್ಯಾಪ್‌ಟಾಪ್ ತೆಗೆದ. ನೋಡಿ ಅವನ ಮುಖ ಸಣ್ಣದಾಯಿತು. "ಅಯ್ಯೋ, ಇಲ್ಲಿ ಬಂದು ಕುಂತದೆ!"

ವಿಷಯ ಇಷ್ಟು. ಮಂಡಿಯ ಕೆಲಸ ಕಲಿಯಬೇಕೆಂದು ಅವನೂ ತನ್ನ ಲ್ಯಾಪ್‌ಟಾಪಿಗೆ ಒಂದು ಮೇಲ್ ಪ್ರೋಗ್ರಾಂ ಹಾಕಿಕೊಂಡು, ಮಂಡಿಯ ವಿಳಾಸವನ್ನೇ ಅದಕ್ಕೆ ಕೊಟ್ಟಿದ್ದ. ತನಗೆ ಸಿಕ್ಕ ಆರ್ಡರನ್ನು ತಾನೇ ನಿಂತು ಲಾರಿಗೆ ತುಂಬಿಸುತ್ತಿದ್ದ, ನನಗೆ ಹೇಳುವ ಅಗತ್ಯ ಅವನಿಗೆ ಕಂಡಿರಲಿಲ್ಲ. ಮದುವೆಗೆ ಹೊರಡುವ ಮುಂಚೆ ಲ್ಯಾಪ್‌ಟಾಪ್ ತೆರೆದು ಮುಚ್ಚಿದ್ದಾನೆ, ಆ ಮೇಲ್ ಅದರೊಳಗೆ ಇಳಿದು ಬ್ಯಾಗಿನಲ್ಲಿ ಮದುವೆಗೆ ಹೋಗಿದೆ. ಸುಳ್ಳು ಹೇಳುವ ಹುಡುಗನಲ್ಲ, ಎಲ್ಲರ ಮುಂದೆ ಒಪ್ಪಿಕೊಂಡ. ಆದರೆ ಅದರ ಹಿಂದೆಯೇ ಇನ್ನೊಂದು ಮಾತು ಹೇಳಿದ.

"ಎರಡ್ ಕಡೆ ಇದ್ರೆ ಹಿಂಗೇ ಆಗದು ಕಣಪ್ಪ. ಚಿಕ್ಕವ್ವನ್ ಕಂಪ್ಯೂಟರ್ ಬಂದ್ ಮಾಡ್ಬುಡನ. ಎಲ್ಲಾ ನಂತಾವೇ ಬರ್ಲಿ. ಚಿಕ್ಕವ್ವ, ನೀವ್ ಆರಾಮಾಗಿ ಟಿವಿ ನೋಡ್ಕಂಡಿರಿ."

"ಅಂಗೇ ಮಾಡು," ಎಂದರು ಬಾವ.

ಒಂದು ಕ್ಷಣದಲ್ಲಿ ನನ್ನ ಕುರ್ಚಿ ಹೋಯಿತು. ಬಿಟ್ಟು ಏಳು ಎಂದು ನನಗೆ ಯಾರೂ ಹೇಳಲಿಲ್ಲ, ಆರಾಮಾಗಿರು ಎಂದರು. ತಪ್ಪು ಯಾರದೆಂದು ಗೊತ್ತಾದ ಮೇಲೂ ಎದ್ದು ಹೋಗಬೇಕಾದವಳು ನಾನೇ.

ಕೋಣೆಗೆ ಬಂದು ನಿಮ್ಮಮ್ಮನಿಗೆ ಫೋನ್ ಮಾಡಿದೆ. ಅವಳು ಬಿಡಿಸಿ ಹೇಳಿದಳು. ನಮ್ಮದು ಹಳೆಯ ಕಾಲದ ಏರ್ಪಾಡಂತೆ. ಎರಡು ಕಂಪ್ಯೂಟರು ಒಂದೇ ವಿಳಾಸಕ್ಕೆ ಬಾಯಿ ಹಾಕಿದರೆ ಮೊದಲು ಎಳೆದುಕೊಂಡದ್ದಕ್ಕೆ ಮೇಲ್ ಸಿಗುತ್ತದೆ, ಎರಡನೆಯದಕ್ಕೆ ಏನೂ ಉಳಿಯುವುದಿಲ್ಲ. ನನಗೆ ತಟ್ಟನೆ ಹೊಳೆಯಿತು. ನಮ್ಮ ಬೀದಿಯಲ್ಲಿ ಒಂದು ಮನೆಯವರು ನಲ್ಲಿಗೆ ಮೋಟಾರ್ ಕಟ್ಟಿ ನೀರೆಳೆಯುತ್ತಿದ್ದಾಗ ಉಳಿದವರ ಬಿಂದಿಗೆಯಲ್ಲಿ ಗಾಳಿ ಬರುತ್ತಿತ್ತು. ಇದೂ ಅದೇ.

"ಮೋಟಾರ್ ಬಿಚ್ಚಿಸ್ಬೇಕಾ?" ಎಂದು ಕೇಳಿದೆ.

"ಬಿಚ್ಚೋದ್ ಬ್ಯಾಡ ಕಣವ್ವ. ಅವನ ಪ್ರೋಗ್ರಾಮಲ್ಲಿ ಒಂದ್ ಟಿಕ್ ಹಾಕಿದ್ರೆ ಒಂದು ಪ್ರತಿ ಸರ್ವರಲ್ಲೇ ಉಳೀತದೆ. ನಿನ್ನದ್ರಲ್ಲಿ ಆ ಟಿಕ್ ಆಗ್ಲೇ ಅದೆ. ಇಬ್ರಿಗೂ ಬತ್ತದೆ."

ಇಷ್ಟು ಸಣ್ಣ ವಿಷಯಕ್ಕೆ ನನ್ನನ್ನು ಎಬ್ಬಿಸಲು ಹೊರಟಿದ್ದರು. ಕಂಪ್ಯೂಟರಿನ ಮುಂದೆ ಕೂತು ಮಂಡಿಯ ವಿಳಾಸಕ್ಕೇ ಒಂದು ಮೇಲ್ ಬರೆದೆ. ಕನ್ನಡದಲ್ಲಿ, ಚೆನ್ನಾಗಿ, ಬಾವನವರಿಗೆ ನಮಸ್ಕಾರಗಳು ಎಂದು ಶುರುಮಾಡಿ. ತಂತಿ ಕಿತ್ತಿಟ್ಟು ಔಟ್‌ಬಾಕ್ಸಿಗೆ ಹಾಕಿದೆ. ಒಂದು ಸಲ ಓದಿದೆ. ಎರಡನೆಯ ಸಲ ಓದಿದೆ. ಒಂದು ತಪ್ಪೂ ಇರಲಿಲ್ಲ. ಆದರೆ ತಂತಿ ಸಿಕ್ಕಿಸಿದರೆ ಅದು ಹೋಗಿ ಬೀಳುವುದು ಎಲ್ಲಿಗೆ? ನನ್ನನ್ನು ಟಿವಿ ನೋಡು ಅಂದವನ ಲ್ಯಾಪ್‌ಟಾಪಿಗೆ. ಅವನು ಓದಿ ಅಪ್ಪನಿಗೆ ಹೇಳಬೇಕು, ಅಪ್ಪ ಅಕ್ಕನಿಗೆ, ಅಕ್ಕ ನನಗೆ. ಮೂರನೆಯ ಸಲ ಓದದೆ ಅಳಿಸಿದೆ.

ಎದ್ದು ಮಂಡಿಯ ಹೊಸ್ತಿಲವರೆಗೆ ನಡೆದೆ. ಮದುವೆಯಾಗಿ ಬಂದಾಗಿನಿಂದ ಮನೆಯ ಕಡೆಯಿಂದ ಆ ಹೊಸ್ತಿಲು ದಾಟಿದ್ದೆನೋ ಇಲ್ಲವೋ ನೆನಪಿಲ್ಲ. ಹಮಾಲಿಗಳು ಮೂಟೆ ಹೊಲಿಯುತ್ತಿದ್ದರು. ಬಾವ ತಕ್ಕಡಿಯ ಪಕ್ಕ ನಿಂತಿದ್ದರು. ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ಕಂಪ್ಯೂಟರ್ ಬಂದ್ ಮಾಡಲ್ಲ," ಅಂದೆ. ನನ್ನ ದನಿ ನನಗೇ ಯಾರದೋ ಅನಿಸಿತು. "ಮೇಲ್ ನನಗೆ ಬರ್ಬೇಕು. ಅವನಿಗೂ ಬರ್ಲಿ, ಬ್ಯಾಡ ಅನ್ನಲ್ಲ. ಉತ್ತರ ಮಾತ್ರ ನಾನೇ ಬರೆಯದು. ನಮ್ಮನೆಯವ್ರು ಕೂರ್ಸಿದ ಜಾಗ ಅದು. ನಾನ್ ಏಳಲ್ಲ."

ಸೂಜಿ ಹಿಡಿದವರ ಕೈ ನಿಂತಿತು. ಅಕ್ಕ ಒಳಗಿನಿಂದ ಓಡಿ ಬಂದಳು. ಬಾವ ನನ್ನ ಕಡೆ ನೋಡಲಿಲ್ಲ, ತಕ್ಕಡಿಯನ್ನೇ ನೋಡುತ್ತಿದ್ದರು.

"ಈ ಮನೇಲಿ ಇನ್ನೊಬ್ರಿಗೂ ಬಾಯಿ ಅದೆ ಅಂತ," ಎಂದರು ತಕ್ಕಡಿಗೆ, "ನಂಗ್ಯಾರೂ ಯೋಳೇ ಇರ್ನಿಲ್ಲ."

"ಈಗ ಗೊತ್ತಾಯ್ತಲ್ಲ, ಬುಡಿ," ಅಂದಳು ಅಕ್ಕ. "ನಂಗೂ ಓಡಾಡದ್ ತಪ್ತು."

ನಿಮ್ಮ ಮಾವ ಪೆಚ್ಚಾಗಿ ನಿಂತಿದ್ದ. "ಇದನ್ನ ಒಂದ್ ಮೇಲ್ ಹಾಕಿದ್ರೆ ಆಗಿತ್ತಲ್ಲ ಚಿಕ್ಕವ್ವ."

"ಹಾಕಿದ್ರೆ ಅದನ್ನೂ ನಿನ್ ಲ್ಯಾಪ್‌ಟಾಪೇ ಕುಡ್ದ್‌ಬುಡದು."

ಹಮಾಲಿಗಳು ನಕ್ಕರು. ಅವನೂ ನಕ್ಕ. ಹಬ್ಬದಲ್ಲಿ ಅವನು ಹೇಳುವ ಕಥೆಯಲ್ಲಿ ಈ ಮಾತು ಇರುವುದಿಲ್ಲ, ಗಮನಿಸಿ. ಅಂದೇ ಅವನು ಆ ಟಿಕ್ ಹುಡುಕಿ ಹಾಕಿದ. ಅಂದಿನಿಂದ ಅವನು ಓದುತ್ತಾನೆ, ನಾನು ಓದುತ್ತೇನೆ, ನಾನು ಉತ್ತರಿಸುತ್ತೇನೆ. ಆಗಾಗ "ಚಿಕ್ಕವ್ವ, ಹೊಸದೊಂದ್ ಬಂದದೆ, ಬದಲಾಯಿಸನಾ?" ಎಂದು ಬರುತ್ತಾನೆ. ಬೇಡ ಎಂದು ನಾನು ಯಾವತ್ತೂ ಹೇಳಿಲ್ಲ. ತಂತಿ ಕೀಳುತ್ತೇನೆ. ಆಗಲೂ ತೆರೆದುಕೊಂಡರೆ ಬದಲಾಯಿಸುತ್ತೇನೆ. ಇದುವರೆಗೆ ಯಾವುದೂ ತೆರೆದುಕೊಂಡಿಲ್ಲ.

ಜಗಳದ ಮರುದಿನ ಬೆಳಿಗ್ಗೆ ಬಾವ ರೇಟು ಕೂಗುತ್ತಾರೋ ಇಲ್ಲವೋ ಎಂದು ಬೇಗನೆ ಬಂದು ಕುರ್ಚಿಯಲ್ಲಿ ಕೂತಿದ್ದೆ. ಕಿಟಕಿಯಾಚೆ ಕೆಮ್ಮು ಕೇಳಿಸಿತು. ಬೀಟ್‌ರೂಟು, ಬೀನ್ಸು, ಸಾಂಬಾರ್ ಈರುಳ್ಳಿ, ಎಲ್ಲ ಎಂದಿನಂತೆ ಬಂದವು. ನಾನು ಒತ್ತಿದೆ, ಔಟ್‌ಬಾಕ್ಸಿಗೆ ಹಾಕಿದೆ.

"ಹೋಯ್ತಾ?" ಎಂದರು ಬಾವ. ಕಂಬ ಆ ಕಡೆ ಇಲ್ಲ. ಅವರು ಕೇಳಿದ್ದು ಕಿಟಕಿಗೆ, ಕಿಟಕಿಯ ಈಚೆ ಇದ್ದದ್ದು ನಾನು.

"ಇನ್ನೂ ಇಲ್ಲ," ಅಂದೆ. "ಓದ್ತಾ ಇವ್ನಿ."

ಅವರು ಕಾದರು. ಈಗಲೂ ದಿನಾ ಕಾಯುತ್ತಾರೆ.