ಕೀಲಿಕೈಯ ಮೇಲಿನ ವಿಳಾಸ

ಸೊಲ್ಲಾಪುರದ ಟವೆಲ್ ಕಾರ್ಖಾನೆಯೊಂದರ ಆಫೀಸಿನಲ್ಲಿ ನಾನು ನಾಲ್ಕು ವರ್ಷ ಇಂಗ್ಲಿಷ್ ಪತ್ರ ಬರೆಯುವ ಕೆಲಸ ಮಾಡಿದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ದಿನಾ ಬೆಳಿಗ್ಗೆ ಅಕ್ಕಲಕೋಟದಿಂದ ಎಸ್‌ಟಿ ಬಸ್ಸಿನಲ್ಲಿ ಹೋಗಿ ಸಂಜೆ ತಿರುಗಿ ಬರುತ್ತಿದ್ದೆ. ಮಾಲಕರಾದ ಶೇಟರಿಗೆ ಮರಾಠಿ, ಕನ್ನಡ, ಹಿಂದಿ ಮೂರೂ ಸಲೀಸು. ಇಂಗ್ಲಿಷ್ ಮಾತ್ರ ಬಾರದು. ಹೀಗಾಗಿ ಪರದೇಶದ ಗಿರಾಕಿಗಳಿಗೆ ಕಾರ್ಖಾನೆಯೆಂದರೆ ನನ್ನ ಹೆಸರೇ ಆಗಿಬಿಟ್ಟಿತ್ತು.

ಆ ಗಿರಾಕಿಗಳಲ್ಲಿ ಜರ್ಮನಿಯ ಹೆಣ್ಣುಮಗಳೊಬ್ಬಳು ಆಸ್ಪತ್ರೆಗಳಿಗಾಗಿ ಟವೆಲ್ ಕೊಳ್ಳುತ್ತಿದ್ದಳು. ವ್ಯವಹಾರದ ಮಾತು ಬೇರೆಯವರ ಕಣ್ಣಿಗೆ ಬೀಳಬಾರದು, ಇಮೇಲಿಗೆ ಬೀಗ ಹಾಕಿಯೇ ಕಳಿಸಬೇಕು ಎಂದು ಅವಳ ಹಟ. ಅದಕ್ಕೆ ಬೇಕಾದ ಪ್ರೋಗ್ರಾಮ್ ಎಲ್ಲಿ ಸಿಗುತ್ತದೆಂದು ಅವಳೇ ತಿಳಿಸಿದಳು. ಮೂರು ದಿನ ಗುದ್ದಾಡಿ ನನ್ನದೊಂದು ಕೀಲಿಕೈ ಮಾಡಿಕೊಂಡೆ. ಅದು ಜೋಡಿ ಕೀಲಿಕೈ. ಒಂದನ್ನು ಊರಿಗೆಲ್ಲ ಹಂಚಬಹುದು. ಅದರಿಂದ ಯಾರಾದರೂ ನನಗೆ ಬರೆದ ಪತ್ರಕ್ಕೆ ಬೀಗ ಹಾಕಬಹುದು. ಇನ್ನೊಂದು ಗುಟ್ಟಿನದು. ಬೀಗ ತೆಗೆಯುವುದೂ, ಬರೆದವಳು ನಾನೇ ಎಂದು ಸಹಿ ಹಾಕುವುದೂ ಅದರಿಂದಲೇ. ಅದನ್ನು ಬಳಸಲು ಒಂದು ಗುಪ್ತ ವಾಕ್ಯ ಬೇಕು. ಅದು ನನ್ನ ತಲೆಯೊಳಗೆ ಮಾತ್ರ ಇತ್ತು. ಕೀಲಿಕೈಯ ಮೇಲೆ ನನ್ನ ಹೆಸರು, ಹೆಸರಿನ ಮುಂದೆ ಇಮೇಲ್ ವಿಳಾಸ. ಆಗ ನನಗಿದ್ದದ್ದು ಆಫೀಸಿನ ವಿಳಾಸವೊಂದೇ. ಅದನ್ನೇ ಹಾಕಿದೆ.

ಒಮ್ಮೆ ನೀಲಿ ಟವೆಲ್ಲಿನ ಒಂದು ಲಾಟು ಬಣ್ಣ ಬಿಡತೊಡಗಿತು. ಪ್ಯಾಕಿಂಗ್ ವಿಭಾಗದಲ್ಲಿ ನಾಗಣಸೂರದ ಹಿರಿಯ ಹೆಂಗಸೊಬ್ಬಳಿದ್ದಳು, ಎಲ್ಲರೂ ಮೌಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಅವಳೇ ಒಂದು ಟವೆಲ್ಲನ್ನು ಬಕೆಟ್ಟಿನಲ್ಲಿ ಅದ್ದಿ ತೋರಿಸಿದಳು. ಶೇಟರು ನೋಡಿಯೂ ನೋಡದಂತೆ, ಬಣ್ಣ ಪಕ್ಕಾ ಎಂದು ಬರೆದು ಕಳಿಸು ಅಂದರು. ನಾನು ಬರೆಯಲಿಲ್ಲ. ಜರ್ಮನಿಯವಳು ನೇರವಾಗಿ ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಬರೆದು ಸಹಿ ಹಾಕಿದೆ. ಏನು ಬರೆದೆನೆಂದು ಶೇಟರಿಗೂ ಹೇಳಿದೆ. ಮರುದಿನ ನನ್ನ ಕೆಲಸ ಹೋಯಿತು. ಹೊರಡುವ ಮುಂಚೆ ಕೀಲಿಕೈಯ ಫೈಲುಗಳನ್ನು ಒಂದು ಫ್ಲಾಪಿಗೆ ಹಾಕಿಕೊಂಡೆ. ಆಫೀಸಿನ ಕಂಪ್ಯೂಟರಿನಲ್ಲಿದ್ದ ಪ್ರತಿಯನ್ನು ಅಳಿಸುವ ಮೊದಲೇ ಎಬ್ಬಿಸಿ ಕಳಿಸಿದರು, ಅದು ಅಲ್ಲೇ ಉಳಿಯಿತು.

ಹದಿನೈದು ದಿನದ ಮೇಲೆ ಮೌಶಿ ಊರಿಗೆ ಹೋಗುವ ದಾರಿಯಲ್ಲಿ ಅಕ್ಕಲಕೋಟದಲ್ಲಿಳಿದು ನಮ್ಮ ಮನೆಗೆ ಬಂದಳು.

"ಅಕ್ಕಾರ, ನಿಮ್ಮ ಹೆಸರಲೇ ಇನ್ನೂ ಕಾಗದ ಹೊಂಟಾವ್ರಿ. ಹೊಸಾ ಹುಡುಗಿ ಬರಿತಾಳ, ಕೆಳಗ ನಿಮ್ಮ ಹೆಸರು ಹಾಕ್ತಾಳ. ಬಣ್ಣ ಪಕ್ಕಾ ಐತಿ, ನಾನ ತಪ್ಪ ತಿಳಕೊಂಡಿದ್ದೆ ಅಂತ ನೀವ ಬರದಂಗ ಬರಸ್ಯಾರ, ಆ ಹುಡುಗಿನ ಹೇಳಿದ್ಲು."

ಕೆಲಸ ಹೋದಾಗಲೂ ನನಗೆ ಅಂಥ ಸಿಟ್ಟು ಬಂದಿರಲಿಲ್ಲ. ಹೊರಗೆ ಹಾಕಿದ್ದು ನನ್ನನ್ನು. ಹೆಸರನ್ನು ಮಾತ್ರ ಒಳಗೇ ಕೂಡಿಸಿಕೊಂಡು ಅದರ ಬಾಯಿಂದ ಸುಳ್ಳು ಹೇಳಿಸುತ್ತಿದ್ದರು!

ಆ ವಾರವೇ ಶೇಟರು ಕಾರಿನಲ್ಲಿ ನಮ್ಮ ಮನೆಗೆ ಬಂದರು. ಜರ್ಮನಿಯವಳು ಸಹಿಯಿಲ್ಲದ ಪತ್ರ ನಂಬಲು ತಯಾರಿರಲಿಲ್ಲ. ಇವರಿಗೆ ಈಗ ನನ್ನ ಗುಪ್ತ ವಾಕ್ಯ ಬೇಕಾಗಿತ್ತು. ಅಪ್ಪ ಖುರ್ಚಿ ಹಾಕಿ ಕೂಡಿಸಿದರು, ಅವ್ವ ಚಹಾ ತಂದಿಟ್ಟಳು.

"ವಿಳಾಸ ನಮ್ಮ ಆಫೀಸಿಂದೈತಿ. ಅಂದಮ್ಯಾಲ ಚಾವಿನೂ ನಮ್ಮದ. ಆ ವಾಕ್ಯ ಹೇಳಿಬಿಡು, ವಿಷಯ ಸಂಪಲಾ, ಮುಗದ್ಹೋತು," ಅಂದರು ಶೇಟರು.

ಅಪ್ಪನೂ ಅವರ ಕಡೆಗೇ ವಾಲಿದರು. ಊರಲ್ಲಿ ನಾಲ್ಕು ಮಂದಿ ಆಡಿಕೊಳ್ಳುತ್ತಾರೆ, ದೊಡ್ಡವರ ಜೊತೆ ವೈರ ಬೇಡ, ಹೇಳಿಬಿಡು ಎಂದರು. ಶೇಟರ ಮೇಲಿನ ಸಿಟ್ಟಿಗಿಂತ ಆ ಮಾತಿನ ಸಿಟ್ಟು ಹೆಚ್ಚಾಯಿತು. ಅಪ್ಪ ಕೋರ್ಟಿನಲ್ಲಿ ನಕಲು ವಿಭಾಗದ ಕ್ಲಾರ್ಕು. ಮೂವತ್ತು ವರ್ಷ ಕಾಗದಗಳನ್ನು ಅಕ್ಷರ ಅಕ್ಷರ ತಾಳೆ ನೋಡಿ, ಸರಿಯಿದೆ ಎಂದು ಸಹಿ ಹಾಕಿ ಶಿಕ್ಕಾ ಒತ್ತಿದವರು.

"ಅಪ್ಪಾ, ನೀವು ನಿಮ್ಮ ಶಿಕ್ಕಾ ಯಾರ ಕೈಯಾಗರ ಕೊಟ್ಟೀರೇನು? ನೀ ಬೇಕಾದ್ದ ಬರಕೋ, ಕೆಳಗ ನನ್ನ ಸಹಿ ಇರಲಿ ಅಂತ ಒಂದ ದಿನಾರ ಅಂದೀರೇನು?"

ಅಪ್ಪ ಚಹಾದ ಕಪ್ಪನ್ನು ಶೇಟರ ಕಡೆಗೆ ಸರಿಸಿದರು. ಆಮೇಲೆ ಮೆತ್ತಗೆ ಅಂದರು: "ಶೇಟ್ರ, ಚಹಾ ತಗೊಂಡು ಏಳ್ರಿ."

ಮರುದಿನ ಫ್ಲಾಪಿ ತೆಗೆದುಕೊಂಡು ಸೊಲ್ಲಾಪುರದ ಒಂದು ಸೈಬರ್ ಕೆಫೆಗೆ ಹೋದೆ. ಅಲ್ಲಿಯವನನ್ನು ಒಪ್ಪಿಸಿ ಪ್ರೋಗ್ರಾಮ್ ಹಾಕಿಸಿದೆ. ಹಳೆಯ ಕೀಲಿಕೈಯನ್ನೇ ರದ್ದು ಮಾಡಿ ಹೊಸದನ್ನು ಮಾಡಿಕೊಳ್ಳಬಹುದಿತ್ತು. ಆದರೆ ಬಣ್ಣ ಬಿಡುತ್ತದೆ ಎಂದು ಬರೆದ ಪತ್ರಕ್ಕಿದ್ದದ್ದು ಇದೇ ಕೀಲಿಕೈಯ ಸಹಿ. ಇದನ್ನು ಕೊಂದರೆ ಆ ಪತ್ರವನ್ನೂ ನಾನೇ ಕೊಂದ ಹಾಗೆ. ನಾನು ಯಾಕೆ ಬಿಡಲಿ? ಬಿಡಬೇಕಾದದ್ದು ವಿಳಾಸವನ್ನು ಮಾತ್ರ. ನನ್ನದೇ ಆದ ಹೊಸ ಇಮೇಲ್ ತೆರೆದು, ಆ ವಿಳಾಸವನ್ನು ಕೀಲಿಕೈಗೆ ಸೇರಿಸಲು ಹೊರಟೆ. ಗುಪ್ತ ವಾಕ್ಯ ಕೇಳಿತು. ಸಿಟ್ಟಿನ ಕೈ, ಎರಡು ಸಲ ತಪ್ಪು ಒತ್ತಿದೆ. ಮೂರನೆಯ ಸಲ ಒಪ್ಪಿಕೊಂಡಿತು. ಆಮೇಲೆ ಆಫೀಸಿನ ವಿಳಾಸ ತೆಗೆದುಹಾಕಿದೆ. ಇನ್ನು ಆ ವಿಳಾಸದಿಂದ ಬಂದದ್ದು ಯಾವುದೂ ನನ್ನದಲ್ಲ ಎಂದು ಬರೆದು, ಸಹಿ ಹಾಕಿ, ಜರ್ಮನಿಗೆ ಕಳಿಸಿದೆ.

ಅವಳು ಅಷ್ಟಕ್ಕೇ ನಂಬುವವಳಲ್ಲ. ಫೋನಿನಲ್ಲಿ, ತನಗೆ ಗೊತ್ತಿದ್ದ ನನ್ನ ದನಿಯಲ್ಲೇ, ಕೀಲಿಕೈಯ ಗುರುತು ಓದಿ ಹೇಳಬೇಕೆಂದಳು. ಗುರುತೆಂದರೆ ನಲವತ್ತು ಅಂಕೆ ಅಕ್ಷರಗಳ ಸಾಲು. ಅಕ್ಕಲಕೋಟದ ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನ ನಂಬರು ಕೊಟ್ಟು ಕಾದು ಕೂತೆ. ಹೇಳಿದ ಹೊತ್ತಿಗೆ ಫೋನು ಬಂತು. ನಾಲ್ಕು ನಾಲ್ಕಾಗಿ ಓದಿದೆ, ಅವಳು ಅತ್ತ ತಾಳೆ ನೋಡಿದಳು. ಬೂತಿನವನು ನನಗೆ ತಲೆ ಕೆಟ್ಟಿದೆಯೆಂಬಂತೆ ನೋಡುತ್ತಿದ್ದ. ಎಲ್ಲ ಹೊಂದುತ್ತದೆ, ಆ ಲಾಟು ಬೇಡವೆಂದು ಈಗಲೇ ತಿಳಿಸುತ್ತೇನೆ ಎಂದು ಅವಳು ಫೋನಿಟ್ಟಳು.

ಆದರೂ ಪೂರ್ತಿ ಗೆದ್ದೆನೆನ್ನಲು ಬರುವುದಿಲ್ಲ. ಇಂಟರ್ನೆಟ್ಟಿನಲ್ಲಿ ಇಂಥ ಕೀಲಿಕೈಗಳನ್ನು ಎಲ್ಲರಿಗೂ ಸಿಗುವಂತೆ ಇಡುವ ಸರ್ವರ್ ಒಂದಿತ್ತು. ಬದಲಾದದ್ದನ್ನು ಅಲ್ಲಿಗೂ ಕಳಿಸಿದ್ದೆ. ಕೆಲವು ದಿನ ಬಿಟ್ಟು ನೋಡಿದರೆ ಹೊಸ ವಿಳಾಸದ ಕೆಳಗೆ ಹಳೆಯದೂ ಹಾಗೇ ಕೂತಿತ್ತು. ಅಲ್ಲಿ ಹೊಸದನ್ನು ಕೂಡಿಸುತ್ತಾರಂತೆ, ಹಳೆಯದನ್ನು ಅಳಿಸುವುದಿಲ್ಲವಂತೆ. ಕೆಫೆಯಲ್ಲಿ ಟೇಬಲ್ ಗುದ್ದಿದೆ, ಪಕ್ಕದವರು ತಿರುಗಿ ನೋಡಿದರು.

ಅಷ್ಟರಲ್ಲಿ, ನನಗೆ ಸುದ್ದಿ ಮುಟ್ಟಿಸಿದ್ದು ಯಾರೆಂದು ಶೇಟರಿಗೆ ತಿಳಿದು ಮೌಶಿಯನ್ನು ಕೆಲಸದಿಂದ ತೆಗೆದರು. ಕೇಳಿದವಳೇ ನಾಗಣಸೂರಕ್ಕೆ ಹೋದೆ. ತೊಗರಿ ಹೊಲದಲ್ಲಿದ್ದಳು. ನನ್ನಿಂದ ಹೀಗಾಯಿತು ಎಂದೆ. ಅವಳು ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ನಿಮ್ಮಿಂದ ಯಾಕ್ರಿ? ಅವ್ನಿಂದ ಆಗೇದ," ಅಂದಳು, ಮತ್ತೆ ಕೆಲಸಕ್ಕೆ ಬಗ್ಗಿದಳು.