ತರನ್ನುಮ ಅಟ್ಟಕ್ಕಿಟ್ಟ ಇನ್ನೂರು ‘ಹೂಂ’ಗಳು

ಬೆಳಗಿನ ಆರು ಗಂಟೆ. ಸವಣೂರಿನ ಬಸ್ ನಿಲ್ದಾಣದಲ್ಲಿ ಹಾವೇರಿ ಬಸ್ಸಿನ ಕಿಟಕಿ ಪಕ್ಕ ಜಾಗ ಹಿಡಿದು ತರನ್ನುಮ ಕೂತಿದ್ದಾರೆ. ತೊಡೆಯ ಮೇಲೆ ಖಾಲಿ ಫಾರ್ಮುಗಳ ಕಟ್ಟು. ಹಾವೇರಿಯಲ್ಲಿ ಬಸ್ ಬದಲಿಸಿ ಹಿರೇಕೆರೂರು ಮುಟ್ಟಬೇಕು. ಅಲ್ಲಿ ಇವತ್ತು ಸಂತೆ, ಕೂಲಿಗೆ ಹೋಗುವ ಹೆಂಗಸರು ಮನೆಯಲ್ಲಿ ಸಿಗುವ ದಿನ. ಅದಕ್ಕೆಂದೇ ವಾರದ ರಜೆಯನ್ನು ಈ ದಿನಕ್ಕೆ ಹಾಕಿಸಿಕೊಂಡಿದ್ದಾರೆ. ನರ್ಸಿನ ಬಿಳಿ ಕೋಟು ಮನೆಯಲ್ಲೇ ಉಳಿದಿದೆ.

“ಅಲ್ಲಿ ನಾ ಸಿಸ್ಟರ್ ಅಲ್ರಿ, ಕಾಲೇಜ್ ಹುಡುಗಿ,” ಎಂದು ನಗುತ್ತಾರೆ. ಹುಡುಗಿಗೆ ನಲವತ್ತಮೂರು ವರ್ಷ.

ಸವಣೂರು ತಾಲ್ಲೂಕಿನ ಹಳ್ಳಿಯೊಂದರ ಆರೋಗ್ಯ ಕೇಂದ್ರದಲ್ಲಿ ಹದಿನೆಂಟು ವರ್ಷಗಳಿಂದ ನರ್ಸ್ ಆಗಿರುವ ಇವರು ಈಗ ಆರೋಗ್ಯ ಸೇವೆಗಳ ಸಂಶೋಧನೆಯಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದಾರೆ. ಬಿಪಿ ಗುಳಿಗೆ ಪುಕ್ಕಟೆ ಸಿಕ್ಕರೂ ಕೂಲಿ ಹೆಂಗಸರ ಬಿಪಿ ಯಾಕೆ ಇಳಿಯುತ್ತಿಲ್ಲ ಎಂಬುದು ಅವರ ಪ್ರಬಂಧದ ಪ್ರಶ್ನೆ. ಹೋದ ವರ್ಷ ತಾವು ಗುಳಿಗೆ ಹಂಚುವ ಹಳ್ಳಿಗಳಲ್ಲೇ ಇನ್ನೂರು ಹೆಂಗಸರನ್ನು ಕೇಳಿದರು, ದಿನಾ ತಗೋತೀರಾ ಎಂದು. ಹೆಚ್ಚುಕಡಿಮೆ ಎಲ್ಲರೂ ಹೂಂ ಎಂದರು. ಪ್ರಬಂಧ ಮುಗಿಯುತ್ತ ಬಂದಾಗ ಅವರಲ್ಲೊಬ್ಬಳಾದ ಶಿವಬಸವ್ವನಿಗೆ ಲಕ್ವಾ ಹೊಡೆಯಿತು.

ಅರವತ್ನಾಲ್ಕನೇ ಫಾರ್ಮಿನ ‘ಹೂಂ’ ಆಕೆಯದು. ನೋಡಲು ಹೋದ ತರನ್ನುಮ ಅವರ ಮುಂದೆ ಸೊಸೆ ಒಂದು ಡಬ್ಬಿ ತಂದಿಟ್ಟಳು. ಒಳಗೆ ಬಿಚ್ಚದ ಗುಳಿಗೆ ಪಟ್ಟಿಗಳು, ದಾರ ಕಟ್ಟಿ ಜೋಪಾನ ಮಾಡಿದ್ದು.

“ಆ ಗುಳಿಗಿ ತಗೊಂಡ್ರ ಗಳಿಗಿಗೊಮ್ಮೆ ಒಂದಕ್ಕ ಬರ್ತೈತವ್ವ. ಹತ್ತಿ ಬಿಡಿಸೋ ಬಯಲಾಗ ಎಲ್ಲಿ ಕುಂದ್ರೂದು?” ಎಂದಳು ಶಿವಬಸವ್ವ, ತೊದಲುತ್ತ. “ನೀ ಇಷ್ಟ ಕಾಳಜಿಲೆ ಕೊಡ್ತಿ. ಒಲ್ಲೆ ಅಂದ್ರ ನಿನಗ ಬ್ಯಾಸರ ಆಕ್ಕೇತಂತ ಹೂಂ ಅಂದೆ.”

ಊರವರ ಪ್ರೀತಿಯೇ ಸಂಶೋಧನೆಗೆ ಮುಳುವಾಗಿತ್ತು. ತರನ್ನುಮ ಹೇಳುತ್ತಾರೆ: “ಕೇಳಿದಾಕಿ ನಾನ, ಸುಳ್ಳ ಬರಕೊಂಡಾಕಿನೂ ನಾನ.”

ಸುಮ್ಮನಿದ್ದಿದ್ದರೆ ಪದವಿ ಕೈಗೆ ಬರುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇವರು ಇನ್ನೂರೂ ಫಾರ್ಮುಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿ, ಒಂದು ವರ್ಷದ ಹೆಚ್ಚಿನ ಅವಧಿ ಬೇಡಿ ಪಡೆದರು. ಈ ಡಿಸೆಂಬರ್ ಒಳಗೆ ಮುಗಿಯದಿದ್ದರೆ ಪದವಿ ಇಲ್ಲ. ಇಂಥ ಹಟಮಾರಿಗಳನ್ನು ಕಂಡರೆ ನನಗೆ ಗೌರವದ ಜೊತೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ.

ಗುರುತಿನವರಿಲ್ಲದ ಊರು ಬೇಕಿತ್ತು, ಹಿರೇಕೆರೂರು ಸಿಕ್ಕಿತು. ಇಲ್ಲಿ ಅವರು ‘ತಗೋತೀರಾ’ ಎಂದು ಕೇಳುವುದೇ ಇಲ್ಲ. “ಗುಳಿಗಿ ಪಟ್ಟಿ ತೋರಸ್ರಿ,” ಎಂದು ಉಳಿದದ್ದನ್ನು ಎಣಿಸುತ್ತಾರೆ. ಆಮೇಲೆ ಕೆಲಸದ ಮಾತು: ಯಾವ ಹೊಲ, ಎಷ್ಟು ಹೊತ್ತು, ನೆರಳು ನೀರು ಇದೆಯೇ. ಒಂದು ಸಂತೆಗೆ ಒಂಬತ್ತು ಮನೆ. ಈವರೆಗೆ ನೂರಾ ನಲವತ್ತು ಮನೆ ಮುಗಿದಿವೆ. ಅರವತ್ತಕ್ಕೂ ಹೆಚ್ಚು ಕಡೆ ಗುಳಿಗೆ ಹಾಗೇ ಉಳಿದಿತ್ತು, ಬಹುತೇಕ ಕಡೆ ಶಿವಬಸವ್ವ ಕೊಟ್ಟ ಕಾರಣವೇ: ಹೊಲದಲ್ಲಿ ಒಂದಕ್ಕೆ ಕೂರಲು ಮರೆಯಿಲ್ಲ. ಇನ್ನು ಅರವತ್ತು ಮನೆ ಬಾಕಿ.

ಶಿವಬಸವ್ವನಿಗೆ ವೈದ್ಯರು ಗುಳಿಗೆ ಬದಲಿಸಿದ್ದಾರೆ, ಕೋಲು ಹಿಡಿದು ಓಡಾಡುತ್ತಾಳೆ. ಹೋದ ವಾರ ತರನ್ನುಮ ಹೋದಾಗ ಆಕೆ ತಾನಾಗಿಯೇ ಪಟ್ಟಿ ಎತ್ತಿ ತೋರಿಸಿ, “ನಿನ್ನಿ ಒಂದು ತಪ್ಪಿಸೇನವ್ವ, ಬರಕೋ,” ಎಂದಳಂತೆ.

“ಹದಿನೆಂಟ ವರ್ಷದಾಗ ನನ್ನ ಮುಂದ ಒಬ್ಬರೂ ಹಂಗ ಅಂದಿದ್ದಿಲ್ರಿ,” ಎನ್ನುತ್ತಾರೆ ತರನ್ನುಮ, ಬಸ್ ಹೊರಟಾಗ. “ಪದವಿ ಬರಲಿ ಬಿಡಲಿ, ಅದನ್ನ ಬರಕೊಂಡೇನಿ.”