ಬಿಯರ್ ಕುಡಿದ ಎಂಜಿನ್

ನಮ್ಮ ಎಲ್ ಆಲ್ತೊ ಊರಲ್ಲಿ ಕಾರ್ನಿವಲ್ ಮಂಗಳವಾರ ವಾಹನಕ್ಕೆ ಚಾಲ್ಯಾ ಪೂಜೆ ಮಾಡದವರಿಲ್ಲ. ಬಸ್ಸಿಗೆ ಹಾರ ಹಾಕುತ್ತಾರೆ, ಬಾನೆಟ್ ಎತ್ತಿ ಎಂಜಿನ್ನಿಗೂ ಬಿಯರ್ ಸುರಿದು ಬಣ್ಣದ ಕಾಗದದ ಚೂರು ಎರಚುತ್ತಾರೆ. ಭೂತಾಯಿ ಪಚಮಾಮ ವರ್ಷವಿಡೀ ಕಾಯಬೇಕಲ್ಲ! ಮರುದಿನ ನೋಡಿದರೆ ಎಣ್ಣೆ, ಧೂಳು, ಬಿಯರ್, ಕಾಗದ ಎಲ್ಲ ಸೇರಿ ಎಂಜಿನ್ ಮೇಲೆ ಅಂಟಿನ ಹಾಗೆ ಕೂತಿರುತ್ತದೆ. ಅದನ್ನು ತೊಳೆಯುವುದೇ ನನ್ನ ಗೆಳತಿ ಎದುವಿಹೆಸಳ ಕಸುಬು. ಅವಳ ವಾಟರ್ ಸರ್ವಿಸ್ ಪಕ್ಕದಲ್ಲೇ ನನ್ನ ಸಾಲ್ತೆನ್ಯಾ ಕಡುಬಿನ ಗಾಡಿ. ಅವಳ ಬಗ್ಗೆ ನನಗೆ ಗೊತ್ತಿಲ್ಲದ್ದು ಕಡಿಮೆ, ಗೊತ್ತಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಅಭ್ಯಾಸವೂ ನನಗಿಲ್ಲ.

ಇಪ್ಪತ್ತು ವರ್ಷ ಅವಳು ಬಸ್ ನಿಲ್ದಾಣದಲ್ಲಿ ಸೂಪ್ ಮಾರಿದಳು. ಗಂಡಸರು ಕಾದ ಎಂಜಿನ್ನಿಗೆ ತಣ್ಣೀರು ಬಿಟ್ಟು ಕೆಡಿಸುವುದನ್ನು ನೋಡಿ ನೋಡಿಯೇ ಹೇಗೆ ತೊಳೆಯಬಾರದು ಎಂದು ಕಲಿತಳು. ಗಂಡ ತೀರಿಕೊಂಡ ಮೇಲೆ ಸೂಪಿನ ಹಂಡೆಗಳನ್ನು ಮಾರಿ ಪ್ರೆಷರ್ ಮೆಷಿನ್ ತಂದಳು. ಕಾರುಗಳು ಬಂದವು, ಬಸ್ಸುಗಳು ಮಾತ್ರ ಬರಲಿಲ್ಲ.

"ಸೌಟು ಹಿಡಿಯೋ ಕೈಗೆ ಎಂಜಿನ್ ಕೊಡೋಕಾಗುತ್ತಾ?" ಎಂದು ಚಾಲಕರ ಸಂಘದ ಕಾರ್ಯದರ್ಶಿ ಇಲಾರಿಯೋನ್ ಎಲ್ಲರೆದುರೇ ನಗುತ್ತಿದ್ದ.

"ನಿಮ್ಮಲ್ಲಿರೋ ಮುದಿ ಬಸ್ಸೇ ತನ್ನಿ, ಡೋನ್ ಇಲಾರಿಯೋನ್. ತೊಳೆದ ಮೇಲೆ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಅಂಗಡಿ ಮುಚ್ತೀನಿ. ಆಯ್ತು ಅಂದ್ರೆ ನಿಮ್ಮ ಮೂವತ್ತೆರಡು ಬಸ್ಸೂ ನನ್ ಹತ್ರಾನೇ ಬರ್ಬೇಕು," ಎಂದಳು ಇವಳು.

ಹಾಗೆ ಕಾರ್ನಿವಲ್ ಮುಗಿದ ಗುರುವಾರ ಸಂಘದ ಚಾಲಕ ಸತುರ್ನೀನೊನ ಉದ್ದ ಮೂತಿಯ ನೀಲಿ ಬಸ್ಸು ಬಂತು. ಅವಳು ಒಂದು ಗಂಟೆ ಅದನ್ನು ಮುಟ್ಟಲೇ ಇಲ್ಲ, ತಣಿಯಲು ಬಿಟ್ಟಳು. ಆಮೇಲೆ ಬ್ಯಾಟರಿಯ ವೈರ್ ಬಿಚ್ಚಿ, ಗಾಳಿ ಎಳೆಯುವ ಬಾಯಿ, ಡೈನಮೊ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್, ಎಲ್ಲಕ್ಕೂ ಪ್ಲಾಸ್ಟಿಕ್ ಚೀಲ ಸುತ್ತಿ ಬಿಗಿಯಾಗಿ ಕಟ್ಟಿದಳು. ಜಿಡ್ಡು ಬಿಡಿಸುವ ಸೋಪು ಹಚ್ಚಿ ಬ್ರಷ್ಷಿನಲ್ಲಿ ತಿಕ್ಕಿದಳು. ಒತ್ತಡ ತಗ್ಗಿಸಿ, ಪೈಪನ್ನು ಎರಡು ಮೊಳ ದೂರ ಹಿಡಿದು, ನೀರನ್ನು ಬೀಸಣಿಗೆಯಂತೆ ಹರಡಿಸಿ ಮೇಲಿನಿಂದ ಕೆಳಗೆ ಬಿಟ್ಟಳು. ಕೊನೆಗೆ ಗಾಳಿ ಹೊಡೆದು, ಚೀಲ ಬಿಚ್ಚಿ, ಬ್ಯಾಟರಿ ಜೋಡಿಸಿ, ಬಿಸಿಲಿಗೆ ಬಿಟ್ಟು ನನ್ನ ಗಾಡಿಗೆ ತಿನ್ನಲು ಬಂದಳು. ಎಂಜಿನ್ ಮದುಮಗನಂತೆ ಹೊಳೆಯುತ್ತಿತ್ತು.

ಮಧ್ಯಾಹ್ನ ಸಂಘದವರೆಲ್ಲ ಸೇರಿದರು. ಸತುರ್ನೀನೊ ಕೀಲಿ ತಿರುಗಿಸಿದ. ಗುರ್ರ್... ಗುರ್ರ್... ಅಷ್ಟೇ. ಮತ್ತೆ ತಿರುಗಿಸಿದ. ಮತ್ತೆ ಅಷ್ಟೇ.

"ಸೂಪ್ ರೆಡೀನಾ, ಡೋನ್ಯಾ ಎದುವಿಹೆಸ್?" ಎಂದ ಇಲಾರಿಯೋನ್. ಎಲ್ಲರೂ ನಕ್ಕರು.

ಅವಳು ಬಗ್ಗಿ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದಳು. ಒಳಗೆ ನೊರೆ. ಪಕ್ಕದಲ್ಲೇ ಇದ್ದ ನನಗೂ ಘಮ್ಮೆಂದು ಬಿಯರ್ ವಾಸನೆ ಬಂತು. ಅವಳು ತಲೆ ಎತ್ತಿ ಸತುರ್ನೀನೊನ ಮುಖ ನೋಡಿದಳು. ಅವನು ನೆಲ ನೋಡಿದ. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಕಾಲನ್ನು ಬಲವಾಗಿ ತುಳಿದಳು.

"ಒದ್ದೆಯಾಗಿದೆ. ಒರೆಸ್ತೀನಿ," ಎಂದಳು.

"ಒರೆಸಿ ಏನು ಬಂತು? ಸೋತ್ರಿ ಅಂತ ಒಪ್ಕೊಳ್ಳಿ," ಎಂದ ಇಲಾರಿಯೋನ್.

"ಸೋತೆ," ಎಂದಳು ಎದುವಿಹೆಸ್, ಬಟ್ಟೆಯಲ್ಲಿ ಮುಚ್ಚಳ ಒರೆಸುತ್ತಲೇ. ನನಗೆ ಅಳುವೇ ಬಂದುಬಿಟ್ಟಿತು.

ಆಗ ಸತುರ್ನೀನೊ ಟೋಪಿ ತೆಗೆದ. "ಇಲ್ಲ ಕಣ್ರೋ. ಅವ್ರು ಸರಿಯಾಗೇ ತೊಳೆದಿದ್ರು. ಕೊಳೆ ಜತೆ ಚಾಲ್ಯಾನೂ ತೊಳೆದು ಹೋಯ್ತು ಅಂತ ಭಯ ಆಯ್ತು. ಅವ್ರು ತಿನ್ನೋಕೆ ಹೋದಾಗ ಮುಚ್ಚಳ ತೆಗ್ದು, ಕಿಡಿ ಹುಟ್ಟೋ ಜಾಗಕ್ಕೇ ಅರ್ಧ ಬಾಟ್ಲಿ ಹುಯ್ದುಬಿಟ್ಟೆ."

ಎದುವಿಹೆಸ್ ವೈರ್ ಒಣಗಿಸಿ ಮುಚ್ಚಳ ಕೂರಿಸಿದಾಗ ಮುದಿ ಬಸ್ಸು ಒಂದೇ ಸಲಕ್ಕೆ ಗುಡುಗಿತು. ಇಲಾರಿಯೋನ್ ಹೋಗಿ ತನ್ನ ಬಸ್ಸನ್ನು ತಂದು ಬಾಗಿಲೆದುರು ನಿಲ್ಲಿಸಿದ.

"ಸೋತೆ ಅಂತ ಯಾಕೆ ಅಂದೆ? ಅವನ ಹೆಸರು ಹೇಳ್ಬಾರದಿತ್ತೇನೇ, ಹುಚ್ಚಿ?" ಎಂದು ಆಮೇಲೆ ಜಗಳವಾಡಿದೆ.

"ದಿನಾ ಬೆಟ್ಟದ ಆ ಕಡಿದಾದ ಇಳಿಜಾರಲ್ಲಿ ಜನರನ್ನ ಕೂರಿಸ್ಕೊಂಡು ಇಳಿಯೋನು ಅವನು ಕಣೇ," ಎಂದಳು. "ಆ ಚಾಲ್ಯಾನೇ ಅವನ ಧೈರ್ಯ, ಅದನ್ನ ಎಲ್ಲರೆದುರು ನಾನು ತೊಳೆದುಹಾಕ್ಲಾ?"

ಹಾಗಂದವಳು ಬಸ್ಸಿನಲ್ಲಿ ಉಳಿದಿದ್ದ ಅರ್ಧ ಬಾಟ್ಲಿ ಬಿಯರನ್ನು ಸತುರ್ನೀನೊನ ಕೈಗಿತ್ತು, ಅವನ ಜೊತೆ ನಡೆದು ನಾಲ್ಕೂ ಚಕ್ರಗಳಿಗೆ ಸುರಿಸಿ ಹೊಸದಾಗಿ ಚಾಲ್ಯಾ ಮಾಡಿಸಿದಳು.